ಋತುವಿಗೆ ಮುನ್ನ ತಂಡದ ಬಲಾಬಲವನ್ನು ಚರ್ಚಿಸುವ ಬಗೆ

ತುಮಕೂರಿನಿಂದ ಕಂಠೀರವ ಕ್ರೀಡಾಂಗಣಕ್ಕೆ ರೈಲು ಹಿಡಿದು ಹೋಗುವ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡದ ಅಭಿಮಾನಿಗಳು ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲಿನಲ್ಲಿ ಚರ್ಚೆಗೆ ಕುಳಿತಾಗ, 2018–19ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪ್ರಶಸ್ತಿಯ ನೆನಪನ್ನು ಬದಿಗಿರಿಸಿ, ತಂಡ ತೊರೆದವರ ಮತ್ತು ಹೊಸದಾಗಿ ಸೇರಿದವರ ಹೆಸರುಗಳನ್ನು ಮೊದಲು ಸ್ಥಾನವಾರು ಬರೆದುಕೊಳ್ಳಬೇಕು.

ಬಳಿಕ ಗೋಲುಗಳು ಯಾರಿಂದ ಬರುತ್ತಿವೆ ಎಂಬುದನ್ನು ಪರಿಶೀಲಿಸಿರಿ. ಇದೇ ಅತಿ ಮುಖ್ಯವೆಂಬುದು ನನ್ನ ದೃಢ ಅಭಿಪ್ರಾಯ. 2024–25ರಲ್ಲಿ, 40ರ ವಯಸ್ಸಿನಲ್ಲಿ, ಸುನಿಲ್ ಚೆಟ್ರಿ 14 ಗೋಲು ಹೊಡೆದು ತಂಡವನ್ನು ಫೈನಲ್‌ವರೆಗೆ ಕೊಂಡೊಯ್ಯಲು ನೆರವಾದದ್ದು ಹೆಮ್ಮೆಯ ಸಂಗತಿಯೇ ಆದರೂ, ಆ ಭಾರವನ್ನು ಮುಂದೆ ಹೊರಬಲ್ಲವರು ಯಾರೆಂಬ ಪ್ರಶ್ನೆಗೆ ಹೆಸರು ಹಿಡಿದು ಉತ್ತರಿಸದೆ ಯಾವ ಭವಿಷ್ಯವನ್ನೂ ನುಡಿಯಬಾರದು.

ಅಭ್ಯಾಸ ಪಂದ್ಯಗಳಲ್ಲಿ ಬದಲಿ ಆಟಗಾರರನ್ನು ಧಾರಾಳವಾಗಿ ಇಳಿಸುವುದರಿಂದ, ಅಲ್ಲಿನ ಫಲಿತಾಂಶಕ್ಕಿಂತ ರಕ್ಷಣಾ ಸಾಲಿನ ಹೊಂದಾಣಿಕೆಯನ್ನೇ ಗಮನಿಸಿರಿ. ಪ್ರತಿಯೊಬ್ಬರ ಅಂದಾಜನ್ನೂ ಕಾರಣಸಹಿತ ಬರೆದಿಟ್ಟು, ಐದು ಪಂದ್ಯಗಳ ನಂತರ ಅದೇ ಮೇಜಿನ ಬಳಿ ತೆರೆದು ನೋಡಿರಿ.