ಹಾಳುಬಿದ್ದ ತೋಟಕ್ಕೆ ಆರು ವಾರ: ಗೆಳೆಯರು ಕೂಡಿ ಮಾಡುವುದು ಹೇಗೆ?

ಸಿದ್ದಾಪುರ ತಾಲ್ಲೂಕಿನಲ್ಲಿ ನಮ್ಮ ಗೆಳತಿಯ ಅಜ್ಜನ ಮನೆಯಿದೆ. ಒಂದೂವರೆ ಎಕರೆ ಅಡಿಕೆ ತೋಟ, ಹೆಂಚಿನ ಮನೆ, ಅಂಗಳದ ಮೂಲೆಗೊಂದು ಬಾವಿ. ಅಜ್ಜ ತೀರಿಕೊಂಡ ಮೇಲೆ ಏಳು ವರ್ಷ ಬೀಗ ಬಿದ್ದಿತ್ತು. ಕಳೆದ ವರ್ಷಕ್ಕೂ ಹಿಂದಿನ ಬೇಸಿಗೆಯಲ್ಲಿ ಆರು ಮಂದಿ ಉತ್ಸಾಹದಿಂದ ಹೋಗಿ, ನರ್ಸರಿಯಿಂದ ಅಡಿಕೆ ಸಸಿ, ಬಾಳೆ ಕಂದು ತಂದು ನೆಟ್ಟು, ಫೋಟೊ ತೆಗೆದುಕೊಂಡು ಬಂದೆವು. ಜೂನ್‌ನಲ್ಲಿ ತೋಟದಲ್ಲಿ ನೀರು ನಿಂತಿತು. ಆಗಸ್ಟ್‌ನಲ್ಲಿ ನೋಡಿದರೆ ಕಂದು ಕೊಳೆತು ನಾರುತ್ತಿತ್ತು. ಪಕ್ಕದ ತೋಟದ ಹಿರಿಯರು ಬೇಲಿಯಾಚೆ ನಿಂತು ಹೇಳಿದ್ದಿಷ್ಟು: "ತಂಗೀ, ಸಸಿಗೇನು ಅವಸರ? ಮೊದಲು ನೀರಿಗೆ ದಾರಿ ಬಿಡಿಸು."

ಎರಡನೇ ಬೇಸಿಗೆಯಲ್ಲಿ ಅವರ ಮಾತಿನಂತೆ ನಡೆದೆವು. ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ ಆರು ವಾರ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದನ್ನು ಮಳೆಯೇ ತೀರ್ಮಾನಿಸಿತು. ಮಲೆನಾಡಿನಲ್ಲಿ ಹಳೆಯ ತೋಟ ಎಬ್ಬಿಸಲು ಹೊರಟವರಿಗೆ ಈ ಅನುಭವ ಉಪಯೋಗಕ್ಕೆ ಬಂದೀತು.

ಹೊರಡುವ ಮೊದಲು

ಪಹಣಿ ತೆಗೆಸಿ ನೋಡಿ. ಅಜ್ಜನ ಹೆಸರಿನಲ್ಲೇ ಇದ್ದರೆ ವಾರಸುದಾರರೆಲ್ಲರ ಒಪ್ಪಿಗೆ ಬೇಕು. ಮುಂಬೈಯಲ್ಲಿರುವ ಚಿಕ್ಕಪ್ಪನಿಗೂ ಒಂದು ಮಾತು ಹೇಳಿ. ಗಡಿಯ ಬಗ್ಗೆ ಅನುಮಾನವಿದ್ದರೆ ಬೇಲಿಗೆ ಕೈಹಾಕುವ ಮೊದಲೇ ಹದ್ದುಬಸ್ತಿಗೆ (ಸರ್ವೆ ಮಾಡಿಸಿ ಗಡಿ ಗುರುತಿಸಲು) ಅರ್ಜಿ ಕೊಡಿ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಗರಿಷ್ಠ 9 ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಇದೆ. ಅದು ಕಾಡಿನಿಂದ ಸೊಪ್ಪು, ದರಕು (ಉದುರಿದ ಒಣ ಎಲೆ) ತರಲು ಸಿಕ್ಕಿರುವ ಹಕ್ಕೇ ಹೊರತು ಮಾಲೀಕತ್ವವಲ್ಲ. ಅಲ್ಲಿನ ಮರಕ್ಕೆ ಕೊಡಲಿ ಹಾಕುವಂತಿಲ್ಲ.

ಗೆಳೆಯರ ನಡುವಿನ ಲೆಕ್ಕವನ್ನೂ ಬರೆದಿಡಿ. ನಮ್ಮದು ಅರ್ಧ ಪುಟ: ಊಟದ ಖರ್ಚು ಆರು ಪಾಲು, ರಿಪೇರಿ ಖರ್ಚು ಮನೆಯವರದು, ಫಸಲಿನಲ್ಲಿ ಯಾರಿಗೂ ಪಾಲಿಲ್ಲ, ಬೇಕಾದಾಗ ಬಂದು ಉಳಿಯುವ ಹಕ್ಕು ಎಲ್ಲರಿಗೂ ಉಂಟು. ಬರೆಯುವಾಗ ಮುಜುಗರವಾಯಿತು, ನಿಜ. ಮೂರನೇ ವಾರ ಪಂಪು ಕೆಟ್ಟಾಗ ಆ ಕಾಗದ ಜಗಳ ತಪ್ಪಿಸಿತು.

ಮಂಗನ ಕಾಯಿಲೆಯ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಉಣ್ಣೆಗಳಿಂದ ಹರಡುತ್ತದೆ. ಇದರ ಕಾಲವೇ ಬೇಸಿಗೆ. ಬೆಟ್ಟಕ್ಕೆ ಹೋಗುವ ಮುನ್ನ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಮೈಗೆ ಹಚ್ಚುವ ತೈಲ ತಂದಿಟ್ಟುಕೊಳ್ಳಿ. ತುಂಬು ತೋಳಿನ ಅಂಗಿ, ಗಂಬೂಟು ಹಾಕಿ. ಬಂದ ಕೂಡಲೇ ಬಟ್ಟೆ ಬದಲಿಸಿ ಬಿಸಿನೀರಿನ ಸ್ನಾನ ಮಾಡಿ. ಹಾವಿನ ವಿಷಕ್ಕೆ ಔಷಧ ಇರುವ ಆಸ್ಪತ್ರೆ ಎಷ್ಟು ದೂರದಲ್ಲಿದೆ ಎಂಬುದೂ ಮೊದಲ ದಿನವೇ ಗೊತ್ತಿರಲಿ.

ಮೊದಲ ವಾರ: ದಾರಿ ಮತ್ತು ಬಾವಿ

ಮೊದಲ ಎರಡು ದಿನ ಏನನ್ನೂ ಕಡಿಯಬೇಡಿ, ನಡೆದು ನೋಡಿ. ಎಲ್ಲಿ ಮಣ್ಣು ತೇವವಿದೆ, ಯಾವ ಮರದ ತುದಿ ಸಣ್ಣಗಾಗಿದೆ, ಎಲ್ಲಿ ಹಳೆಯ ಕಾಲುವೆಯ ಗುರುತು ಉಳಿದಿದೆ ಎಂದು ಬರೆದುಕೊಳ್ಳಿ. ಮೂರನೇ ದಿನ ಮನೆಯಿಂದ ತೋಟಕ್ಕೆ ಒಬ್ಬರು ನಡೆಯುವಷ್ಟು ದಾರಿ ಬಿಡಿಸಿ. ಕಡಿದ ಲಂಟಾನ, ಯುಪಟೋರಿಯಂ ರಾಶಿಗೆ ಬೆಂಕಿ ಕೊಡುವ ಆಸೆ ಬೇಡ. ಏಪ್ರಿಲ್‌ನಲ್ಲಿ ಬೆಟ್ಟದ ದರಕು ಒಂದು ಕಿಡಿಗಾಗಿ ಕಾಯುತ್ತಿರುತ್ತದೆ. ಹೂ ಬಿಡದ ಗಿಡಗಳನ್ನು ಕೊಚ್ಚಿ ಅಡಿಕೆ ಬುಡಕ್ಕೆ ಮುಚ್ಚಿಗೆ ಹಾಕಬಹುದು.

ಪಾಳು ಬಾವಿಗೆ ನೀವೇ ಇಳಿಯಬೇಡಿ. ದೀಪ ಇಳಿಸಿ ನೋಡುವ ಪದ್ಧತಿ ಹಳೆಯದು. ಆದರೆ ದೀಪ ಆರಲಿಲ್ಲವೆಂದ ಮಾತ್ರಕ್ಕೆ ಒಳಗೆ ವಿಷಾನಿಲವಿಲ್ಲ ಎನ್ನುವಂತಿಲ್ಲ. ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಿ ಓಡಿಸುವುದಂತೂ ಸಾವನ್ನು ಕರೆದಂತೆ. ಹೂಳೆತ್ತುವುದನ್ನು ಅದೇ ಕಸುಬಿನವರಿಗೆ ಬಿಡಿ. ನೀರು ತಿಳಿಯಾದ ಮೇಲೂ ನಾವು ಕುದಿಸಿಯೇ ಕುಡಿದೆವು.

ಎರಡನೇ ವಾರ: ಸೂರು

ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವುದು ಈ ಕಡೆಯ ಪ್ರತಿ ಮನೆಯ ವಾರ್ಷಿಕ ಕೆಲಸ. ಏಳು ವರ್ಷ ಕೈಯಾಡದ ಮಾಡಿನಲ್ಲಿ ದರಕು ಕೊಳೆತು ಮಣ್ಣಾಗಿ, ಅದರಲ್ಲಿ ಜರಿಗಿಡ ಹುಟ್ಟಿತ್ತು. ಹಗಲು ಹೊತ್ತು ಒಳಗೆ ಕತ್ತಲು ಮಾಡಿಕೊಂಡು ಮೇಲೆ ನೋಡಿ. ಬೆಳಕಿನ ಚುಕ್ಕಿ ಕಂಡಲ್ಲೆಲ್ಲ ಸೋರುತ್ತದೆ. ನೆಲದ ಮೇಲೆ ಅದರ ನೇರಕ್ಕೆ ಸೀಮೆಸುಣ್ಣದ ಗುರುತು ಹಾಕಿಟ್ಟುಕೊಂಡರೆ ಮೇಲೆ ಹತ್ತಿದವರಿಗೆ ಕೆಳಗಿನಿಂದಲೇ ಕೂಗಿ ಹೇಳಬಹುದು.

ಹೆಂಚನ್ನು ಒಂದೊಂದಾಗಿ ಎತ್ತಿ, ಬೆರಳಗೆಣ್ಣಿನಿಂದ ತಟ್ಟಿ. ಗಟ್ಟಿ ಹೆಂಚು 'ಟಣ್' ಎನ್ನುತ್ತದೆ. ಬಿರುಕು ಬಿಟ್ಟದ್ದು ಒಡಕು ಮಡಕೆಯ ದನಿ ಕೊಡುತ್ತದೆ. ಬದಲಿ ಹೆಂಚು ತರುವ ಮೊದಲು ಹಳೆಯದನ್ನು ಬೋರಲು ಹಾಕಿ ಓದಿ. ಹಿಂಬದಿಯಲ್ಲಿ ಕಾರ್ಖಾನೆಯ ಹೆಸರಿನ ಅಚ್ಚು ಇರುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು. ಒಬ್ಬೊಬ್ಬರ ಅಚ್ಚಿನ ಗಾಡಿಯೂ (ಒಂದು ಹೆಂಚು ಇನ್ನೊಂದಕ್ಕೆ ಕೂರುವ ತೋಡು) ಕೂದಲೆಳೆಯಷ್ಟು ಬೇರೆ. ಬೇರೆ ಅಚ್ಚಿನದನ್ನು ನಡುವೆ ತುರುಕಿದರೆ ಅಲ್ಲಿಯೇ ಸೋರುತ್ತದೆ. ನಾವು ಹಳೆಯ ಕೊಟ್ಟಿಗೆಯ ಮಾಡನ್ನು ಬಿಚ್ಚಿ ಅದೇ ಅಚ್ಚಿನ ನೂರ ನಲವತ್ತು ಹೆಂಚು ಹೊಂದಿಸಿದೆವು. ಕೊಟ್ಟಿಗೆ ಬೋಳಾಯಿತು, ದನವಿಲ್ಲದ ಮನೆಗೆ ಅದು ಮುಂದಿನ ವರ್ಷದ ಚಿಂತೆ.

ಹೆಂಚು ತೆಗೆದಾಗಲೇ ಅದನ್ನು ಹೊರುವ ಪಕಾಸು (ಇಳಿಜಾರಿನ ತೊಲೆ), ರೀಪುಗಳನ್ನು (ಅಡ್ಡಪಟ್ಟಿ) ಚೂಪು ಮೊಳೆಯಿಂದ ಚುಚ್ಚಿ ನೋಡಿ. ಮೊಳೆ ಸಲೀಸಾಗಿ ಒಳಗೆ ಹೋದರೆ ಗೆದ್ದಲು ಊಟ ಮುಗಿಸಿದೆ ಎಂದರ್ಥ. ಉಳಿದ ಮರಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯಿರಿ, ಆದರೆ ಕೈಗವಸು ಮರೆಯಬೇಡಿ. ನಮ್ಮಲ್ಲೊಬ್ಬ ಬರಿಗೈಯಲ್ಲಿ ಬಳಿದು ಹತ್ತು ದಿನ ಬೆರಳು ಸುಲಿದುಕೊಂಡು ಕೂತಿದ್ದ. ಹತ್ತುವವರು ಪಕಾಸಿನ ನೇರಕ್ಕೇ ಕಾಲಿಡಬೇಕು, ಸೊಂಟಕ್ಕೆ ಹಗ್ಗ ಇರಬೇಕು.

ಮೂರರಿಂದ ಐದನೇ ವಾರ: ಬಸಿಗಾಲುವೆ

ಇದೇ ನಿಜವಾದ ಕೆಲಸ, ಉಳಿದದ್ದೆಲ್ಲ ಒಪ್ಪ ಓರಣ. ಅಡಿಕೆಗೆ ನೀರು ಬೇಕು, ಆದರೆ ಬುಡದಲ್ಲಿ ನಿಂತ ನೀರು ಆಗದು. ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಎರಡು ಸಾಲು ಮರಗಳ ನಡುವೆ ಒಂದೊಂದು ಬಸಿಗಾಲುವೆ ಇದ್ದು, ಅವೆಲ್ಲ ಸೇರುವ ದೊಡ್ಡ ಕಾಲುವೆಯೊಂದು ತೋಟದ ತಗ್ಗಿನಲ್ಲಿ ಇರಬೇಕು. ಹಳೆಯ ತೋಟದಲ್ಲಿ ಇವು ಇದ್ದೇ ಇರುತ್ತವೆ, ಮಣ್ಣು ಮುಚ್ಚಿರುತ್ತದೆ ಅಷ್ಟೆ. ಹೊಸದಾಗಿ ಗೆರೆ ಎಳೆಯುವ ಬದಲು ಅಜ್ಜ ತೆಗೆದ ಜಾಡನ್ನೇ ಹುಡುಕಿ. ಹಾರೆಯಿಂದ ಚುಚ್ಚುತ್ತ ಹೋದರೆ ಹೂಳು ತುಂಬಿದ ಜಾಗದಲ್ಲಿ ಹಾರೆ ಮೆತ್ತಗೆ ಇಳಿಯುತ್ತದೆ, ಅಂಚಿನಲ್ಲಿ ಗಟ್ಟಿ ತಗಲುತ್ತದೆ.

ಕೆಲಸವನ್ನು ತಗ್ಗಿನ ಬಾಯಿಯಿಂದಲೇ ಶುರುಮಾಡಿ, ಮೇಲಕ್ಕೆ ಹೋಗಿ. ಮೇಲಿನಿಂದ ಹೊರಟರೆ ನಡುವೆ ಒಂದು ಅಕಾಲ ಮಳೆ ಬಂದರೂ ತೆಗೆದ ಗುಂಡಿಯೆಲ್ಲ ಕೆರೆಯಾಗುತ್ತದೆ. ನಮಗೆ ಭರಣಿ ಮಳೆ ಒಂದು ಸಂಜೆ ಅಪ್ಪಳಿಸಿದಾಗ ಈ ಮಾತಿನ ಬೆಲೆ ತಿಳಿಯಿತು. ಮಳೆಯಲ್ಲೇ ಕೊಡೆ ಹಿಡಿದು ಹೋಗಿ ನೋಡಿದೆವು. ತೆಗೆದಿದ್ದ ನಾಲ್ಕು ಕಾಲುವೆಗಳಲ್ಲಿ ನೀರು ಓಡುತ್ತಿತ್ತು, ಐದನೆಯದರಲ್ಲಿ ತಿರುಗಿ ನಿಂತಿತ್ತು. ಎಲ್ಲಿ ಇಳಿಜಾರು ತಪ್ಪಿದೆ ಎಂದು ಯಾವ ಅಳತೆಪಟ್ಟಿಯೂ ಇಷ್ಟು ಚೆನ್ನಾಗಿ ತೋರಿಸುತ್ತಿರಲಿಲ್ಲ. ಮರದ ಬುಡದಿಂದ ಮೂರು ಅಡಿಯೊಳಗೆ ಆಳಕ್ಕೆ ಅಗೆಯಬೇಡಿ. ಅಡಿಕೆಯ ಬೇರುಗಳಲ್ಲಿ ಹೆಚ್ಚಿನವು ಅಲ್ಲೇ ಇರುತ್ತವೆ. ಎತ್ತಿದ ಹೂಳನ್ನು ಹೆಡಿಗೆಯಲ್ಲಿ ಹೊತ್ತು ಬುಡಕ್ಕೆ ಹಾಕಿ. ಏಳು ವರ್ಷದ ಕೊಳೆತ ಸೋಗೆ (ಅಡಿಕೆ ಗರಿ), ಹಾಳೆ ಎಲ್ಲ ಅದರಲ್ಲಿದೆ. ಅದಕ್ಕಿಂತ ಒಳ್ಳೆಯ ಗೊಬ್ಬರವನ್ನು ದುಡ್ಡು ಕೊಟ್ಟು ತರುವುದೇಕೆ?

ದಿನದ ಕ್ರಮ ಹೀಗಿರಲಿ: ಬೆಳಿಗ್ಗೆ ಆರರಿಂದ ಹತ್ತೂವರೆ, ಸಂಜೆ ನಾಲ್ಕರಿಂದ ಆರೂವರೆ. ಮಧ್ಯಾಹ್ನ ಅಪ್ಪೆಹುಳಿ (ಮಾವಿನಕಾಯಿಯ ತಿಳಿಸಾರು) ಕುಡಿದ ಮೇಲೆ ಗುದ್ದಲಿ ಹಿಡಿಯುವ ಮಾತೇ ಇಲ್ಲ, ನಿದ್ದೆ ಎಳೆದುಕೊಂಡು ಹೋಗುತ್ತದೆ. ಅಡುಗೆಯ ಪಾಳಿ ಗಂಡು-ಹೆಣ್ಣೆನ್ನದೆ ಎಲ್ಲರಿಗೂ ಬರಲಿ. ಇಬ್ಬರು ಕೂಲಿಯವರಾದರೂ ಜೊತೆಗಿರಲಿ, ಊರಿನ ದರದಲ್ಲೇ ಕೂಲಿ ಕೊಡಿ. ಅವರು ಅರ್ಧ ದಿನದಲ್ಲಿ ತೆಗೆಯುವ ಕಾಲುವೆ ನಮ್ಮ ಆರು ಮಂದಿಗೆ ಎರಡು ದಿನದ್ದಾಗಿತ್ತು.

ಆರನೇ ವಾರ: ಕೊಳೆಗೆ ಮದ್ದು

ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ, ಮದ್ದು ಹೊಡೆಯುವ ಕೊನೆಗೌಡನಿಗೆ ಏಪ್ರಿಲ್‌ನಲ್ಲೇ ಹೇಳಿಡಿ. ಮೇ ಕೊನೆಗೆ ಇಡೀ ಸೀಮೆಯೇ ಅವರ ಹಿಂದೆ ಬಿದ್ದಿರುತ್ತದೆ. ನೀವು ಮರ ಹತ್ತುವ ಸಾಹಸ ಬೇಡ, ನಿಮ್ಮ ಪಾಲಿಗೆ ಕೊಳೆಗೆ, ಅಂದರೆ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆಸುವ ರೋಗಕ್ಕೆ, ಹೊಡೆಯುವ ಬೋರ್ಡೋ ದ್ರಾವಣ ಕಲಸುವುದು ಸಾಕು. ಶೇ 1ರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕೋಲಿನಿಂದ ತಿರುವಿ. ಉಜ್ಜಿ ಹೊಳೆಯುವಂತೆ ಮಾಡಿದ ಕಬ್ಬಿಣದ ಚಾಕುವನ್ನು ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಕಲಸಿದ್ದನ್ನು ಅದೇ ದಿನ ಹೊಡೆದು ಮುಗಿಸಬೇಕು. ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು-ನಲವತ್ತೈದು ದಿನಕ್ಕೆ ಇನ್ನೊಂದು ಸಲ. ಆ ಎರಡನೆಯದಕ್ಕೆ ನೀವು ಊರಲ್ಲಿ ಇರುವುದಿಲ್ಲ, ಮುಂಗಡ ಕೊಟ್ಟು ಬನ್ನಿ.

ಹೊರಡುವ ದಿನ ಕತ್ತಿಗಳಿಗೆ ಎಣ್ಣೆ ಸವರಿ ಅಟ್ಟಕ್ಕೆ ಹಾಕಿ, ಬೀಗದ ಕೈಯೊಂದನ್ನು ಪಕ್ಕದ ಮನೆಯಲ್ಲಿ ಕೊಡಿ. ದೊಡ್ಡ ಕಾಲುವೆಯ ಬಾಯನ್ನು ವಾರಕ್ಕೊಮ್ಮೆ ನೋಡಿಕೊಳ್ಳಲು ಯಾರಿಗಾದರೂ ಹೇಳಿಯೇ ಹೊರಡಿ. ಆರ್ದ್ರಾ ಮಳೆಗೆ ಒಂದು ಸೋಗೆ ಅಲ್ಲಿ ಅಡ್ಡ ಬಿದ್ದರೂ ನೀರು ಮತ್ತೆ ಸಾಲಿಗೆ ತಿರುಗುತ್ತದೆ.