ಪಾಚಿ ಸಾಯದೆ ಗೋಡೆ ತೊಳೆಯಬೇಡಿ

ನಮ್ಮದು ಗೋವಾದ ಪೋಂಡಾ ಪೇಟೆಯಿಂದ ಸ್ವಲ್ಪ ಒಳಗೆ, ಅಡಕೆ ತೋಟದ ಬದಿಯ ಹೆಂಚಿನ ಮನೆ. ಕುಮಟಾ ಬಿಟ್ಟು ಇಲ್ಲಿಗೆ ಬಂದರೂ ಮಳೆಯೇನೂ ಬದಲಾಗಲಿಲ್ಲ. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಬಿಸಿಲು ಬೀಳದ ಉತ್ತರದ ಗೋಡೆ ಹಸಿರು ಕಂಬಳಿ ಹೊದ್ದಿರುತ್ತದೆ. “ದೀಪಾವಳಿ ಬಂತು, ಮನೆ ನೋಡಿದ್ರೆ ಕೊಟ್ಟಿಗೆ ಆಗ್ಯದೆ” ಎಂದು ಆಯಿ ದಿನಕ್ಕೆರಡು ಸಲ ಹೇಳತೊಡಗಿದರೆ ಗೋಡೆ ತೊಳೆಯುವ ಕಾಲ ಬಂತೆಂದೇ ಲೆಕ್ಕ.

ಮೊದಲ ವರ್ಷ ಪ್ರೆಶರ್ ವಾಶರ್ ಬಾಡಿಗೆಗೆ ತಂದೆ. ಬೈಕ್ ತೊಳೆಯುವ ಅಂಗಡಿಯಲ್ಲಿ ಅದರ ಪ್ರತಾಪ ನೋಡಿ ಮನಸೋತಿದ್ದೆ. ಅಂಗಳದ ಚಿರೆಕಲ್ಲಿನ (ಕೆಂಪು ಜಂಬಿಟ್ಟಿಗೆ) ಪಾಗಾರಕ್ಕೆ, ಅಂದರೆ ಕಂಪೌಂಡ್ ಗೋಡೆಗೆ, ಗುರಿಯಿಟ್ಟೆ. ಪಾಚಿ ಹೋಯಿತು, ಅದರ ಹಿಂದೆಯೇ ಕಲ್ಲೂ ಹೋಯಿತು. ಕೆಂಪು ನೀರು ಕಾಲಡಿ ಹರಿಯುವಾಗ ಪಾಚಿಯ ಕೊಳೆಯೆಂದೇ ಖುಷಿಪಟ್ಟಿದ್ದೆ. ಒಣಗಿದ ಮೇಲೆ ನೋಡಿದರೆ ಕಲ್ಲಿನ ಮೇಲೆ ಬೆರಳು ಹಾಯುವಷ್ಟು ಅಗಲದ ಗೀರುಗಳು, ಹಾವು ಹರಿದ ಹಾಗೆ. 10 ಮೀಟರ್ ಎತ್ತರದ ಟ್ಯಾಂಕಿನಿಂದ ಇಳಿದ ನೀರಿಗೆ ನಲ್ಲಿಯಲ್ಲಿ ಇರುವುದು ಹೆಚ್ಚುಕಡಿಮೆ 1 ಬಾರ್ ಒತ್ತಡ. ಈ ಯಂತ್ರದ್ದು 100 ಬಾರ್‌ಗೂ ಮೇಲೆ. ತೂತುತೂತಾದ ಚಿರೆಕಲ್ಲು ಅದನ್ನು ಹೇಗೆ ತಾಳೀತು? ಕಿಟಕಿಯ ಸಂದಿಯಿಂದ ನೀರು ಒಳಗೆ ನುಗ್ಗಿ ಹಾಸಿಗೆಯೂ ನೆನೆಯಿತು. ಕಾಲಿಂಗ್ ಬೆಲ್ಲಿನ ಸ್ವಿಚ್ಚಿಗೆ ನೀರು ಇಳಿದು, ರಾತ್ರಿ ಎರಡು ಗಂಟೆಗೆ ಅದು ತಾನಾಗಿಯೇ ಹೊಡೆದುಕೊಂಡಾಗ ಮನೆಮಂದಿಯೆಲ್ಲ ಎದ್ದು ಕೂತರು.

ಇಷ್ಟೆಲ್ಲ ಆದರೂ ಎರಡು ತಿಂಗಳಲ್ಲಿ ಹಸಿರು ಮತ್ತೆ ಇಣುಕಿತು. ನಾನು ಪಾಚಿಯನ್ನು ಕೆರೆದಿದ್ದೆ ಅಷ್ಟೇ, ಕೊಂದಿರಲಿಲ್ಲ. ಗಾರೆಯ ಸಂದುಗಳಲ್ಲಿ ಉಳಿದದ್ದು ಹಾಗೇ ಚಿಗುರಿತು.

ಮರುವರ್ಷದಿಂದ ನನ್ನ ಆಯುಧ ಬ್ಲೀಚಿಂಗ್ ಪೌಡರ್, ಉದ್ದ ಕೋಲಿನ ಬ್ರಶ್, ಮತ್ತೆ ಬೆನ್ನಿಗೆ ಹಾಕುವ ಪಂಪು. ಊರಲ್ಲಿ ಅಡಕೆಗೆ ಕೊಳೆರೋಗದ ಔಷಧಿ ಹೊಡೆದು ಅಭ್ಯಾಸವಿದ್ದವರಿಗೆ ಪಂಪಿನ ವಿಷಯ ಹೇಳಿಕೊಡಬೇಕಿಲ್ಲ. ಕಳೆನಾಶಕ ಹೊಡೆದ ಪಂಪು ಮಾತ್ರ ಬೇಡ. 10 ಲೀಟರ್ ನೀರಿಗೆ ಸುಮಾರು 100 ಗ್ರಾಂ ಪುಡಿ ಹಾಕುತ್ತೇನೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ, ಅಂಗಳದಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಮೊದಲು ನೀರು ಆಮೇಲೆ ಪುಡಿ. ಕೋಲಿನಿಂದ ಕಲಕಿ ಅರ್ಧ ಗಂಟೆ ಬಿಟ್ಟರೆ ಸುಣ್ಣದಂಥ ಗಷ್ಟು ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಹಳೆ ಪಂಚೆಯ ತುಂಡಿನಲ್ಲಿ ಸೋಸಿ ಪಂಪಿಗೆ ಹಾಕಬೇಕು. ಆತುರಪಟ್ಟು ಹಾಗೇ ಸುರಿದರೆ ನಾಜಲ್ ಕಟ್ಟಿ, ಗೋಡೆಗಿಂತ ಹೆಚ್ಚು ಹೊತ್ತು ಅದನ್ನೇ ತೊಳೆಯುತ್ತ ಕೂರಬೇಕಾಗುತ್ತದೆ.

“ಸ್ವಲ್ಪ ಆಸಿಡ್ ಸೇರಿಸಿ, ಬೇಗ ಬಿಡ್ತದೆ” ಎಂದು ಪರಿಚಯದವರೊಬ್ಬರು ಸಲಹೆ ಕೊಟ್ಟರು. ಖಂಡಿತ ಬೇಡ. ಬ್ಲೀಚಿಗೆ ಆಸಿಡ್ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ, ಉಸಿರು ಕಟ್ಟುತ್ತದೆ. ಕಕ್ಕಸು ತೊಳೆಯುವ ದ್ರವದಲ್ಲೂ ಇರುವುದು ಆಸಿಡ್ಡೇ. ಅಮೋನಿಯಾ ಇರುವ ಕ್ಲೀನರುಗಳೂ ಬೇಡ. ಸುಣ್ಣದ ಗಾರೆಯನ್ನಂತೂ ಆಸಿಡ್ ಕರಗಿಸಿಯೇ ಬಿಡುತ್ತದೆ.

ಹೊಡೆಯುವುದು ಕೆಳಗಿನಿಂದ ಮೇಲಕ್ಕೆ. ಮೇಲಿಂದ ಹೊಡೆದರೆ ಒಣಗೋಡೆಯ ಮೇಲೆ ದ್ರಾವಣ ಸೋರಿ ಪಟ್ಟೆ ಪಟ್ಟೆ ಉಳಿಯುತ್ತದೆ. 10–15 ನಿಮಿಷ ಬಿಟ್ಟು, ಒಣಗುವ ಮೊದಲೇ ಬ್ರಶ್ಶಿನಿಂದ ಉಜ್ಜಿ, ಆಮೇಲೆ ಪೈಪಿನ ನೀರನ್ನು ಮೇಲಿಂದ ಕೆಳಕ್ಕೆ ಬಿಡುವುದು. ಕಿಟಕಿಯ ಸರಳುಗಳನ್ನು ಎರಡು ಸಲ ತೊಳೆಯುತ್ತೇನೆ, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ. ಅಕ್ಟೋಬರ್ ಬಿಸಿಲು ದ್ರಾವಣವನ್ನು ನೋಡನೋಡುತ್ತ ಒಣಗಿಸುತ್ತದೆ, ಹಾಗಾಗಿ ಬೆಳಿಗ್ಗೆ ಪಶ್ಚಿಮದ ಗೋಡೆ, ಸಂಜೆ ಪೂರ್ವದ್ದು. ಬಣ್ಣ ಹಾಕಿದ ಗೋಡೆಯಾದರೆ ಹಿತ್ತಲ ಮೂಲೆಯಲ್ಲಿ ಅಂಗೈಯಷ್ಟು ಜಾಗದಲ್ಲಿ ಮೊದಲು ಹೊಡೆದು ನೋಡಿ.

ಪಶ್ಚಿಮದ ಗೋಡೆಯಲ್ಲಿ ಒಂದು ಕಿತ್ತಳೆ ಬಣ್ಣದ ಕಲೆ ಇತ್ತು. ತುಕ್ಕೋ, ಕೆಮ್ಮಣ್ಣಿನ ಧೂಳೋ ಎಂದುಕೊಂಡಿದ್ದೆ. ಉಗುರಿನಿಂದ ಕೆರೆದರೆ ಮಖಮಲ್ಲಿನಂತೆ ಮೆತ್ತಗೆ ಪುಡಿಪುಡಿಯಾಗಿ ಬಂತು. ಅದೂ ಒಂದು ಜಾತಿಯ ಪಾಚಿ, ಹೆಸರು ಟ್ರೆಂಟಿಪೋಲಿಯಾ. ಹಸಿರು ಪಾಚಿಯ ಕುಲದ್ದೇ ಆದರೂ ಗಜ್ಜರಿಯಲ್ಲಿರುವಂಥ ಬಣ್ಣ ತುಂಬಿಕೊಂಡು ಕೆಂಪಾಗಿ ಕಾಣುತ್ತದೆ. ಅದಕ್ಕೂ ಇದೇ ಮದ್ದು, ಎರಡು ಸಲ. ಆದರೆ ಗೋಡೆಯ ಬುಡದಲ್ಲಿ ಬಿಳಿ ಪುಡಿ ಎದ್ದಿದ್ದರೆ ಅದು ಉಪ್ಪು. ನೀರು ಹಾಕಿದರೆ ಕರಗಿ ಒಳಗಿಳಿದು, ಒಣಗಿದಾಗ ಮತ್ತೆ ಹೊರಬರುತ್ತದೆ. ಒಣ ಬ್ರಶ್ಶಿನಿಂದ ಉದುರಿಸಬೇಕು.

ತುಳಸಿಯ ಬುಡಕ್ಕೆ, ದಾಸವಾಳಕ್ಕೆ ಮೊದಲೇ ಚೆನ್ನಾಗಿ ನೀರು ಹನಿಸಿ, ಕೆಲಸ ಮುಗಿದ ಮೇಲೆ ಇನ್ನೊಮ್ಮೆ ಎಲೆಗಳನ್ನು ತೊಳೆಯುತ್ತೇನೆ. ಬಾವಿಯ ಕಡೆಗಿನ ಕಾಲುವೆಗೆ ಮಣ್ಣಿನ ಕಟ್ಟೆ ಹಾಕುವುದು ಆಯಿಯ ಕೆಲಸ, ಅದನ್ನವರು ಬೇರೆ ಯಾರಿಗೂ ಬಿಟ್ಟುಕೊಡುವುದಿಲ್ಲ.

ಕೆಲಸ ಶುರುವಾಗುವ ಮುಂಚೆ ಮೇನ್ ಸ್ವಿಚ್ ಆಫ್, ಮೀಟರಿಗೆ ಪ್ಲಾಸ್ಟಿಕ್ ಹೊದಿಕೆ. ಕಂಬದಿಂದ ಬರುವ ಸರ್ವಿಸ್ ವೈರಿನ ಪ್ರವಾಹ ಇದರಿಂದ ನಿಲ್ಲುವುದಿಲ್ಲ, ಹಾಗಾಗಿ ಆ ಬದಿಗೆ ನೀರೂ ಇಲ್ಲ, ಅಲ್ಯುಮಿನಿಯಂ ಏಣಿಯೂ ಇಲ್ಲ. ಎಷ್ಟು ಸಾಧ್ಯವೋ ಅಷ್ಟನ್ನು ನೆಲದ ಮೇಲೆ ನಿಂತು ಕೋಲಿನಿಂದಲೇ ಮುಗಿಸುತ್ತೇನೆ. ಸಜ್ಜಾಕ್ಕೆ ಏಣಿ ಬೇಕೇ ಬೇಕು. 4 ಅಡಿ ಎತ್ತರಕ್ಕೆ 1 ಅಡಿಯಂತೆ ಅದರ ಬುಡ ಗೋಡೆಯಿಂದ ದೂರವಿಟ್ಟು, ಹೆಂಡತಿಯನ್ನು ಕರೆಯುತ್ತೇನೆ. “ಹಿಡ್ಕೊಂಡು ನಿಲ್ಲೂದೇ ನನ್ನ ಕೆಲ್ಸ ಅಂದ್ಕೊಂಡ್ರ?” ಎನ್ನುತ್ತಲೇ ಹಿಡಿಯುತ್ತಾಳೆ. ಹೆಂಚಿನ ಮೇಲೆ ಹತ್ತುವ ಮಾತೇ ಇಲ್ಲ. ಆದರೂ ನಾನು ಬಿದ್ದದ್ದು ಏಣಿಯಿಂದಲ್ಲ, ಮೆಟ್ಟಿಲಿನ ಮೇಲೆ. ಸತ್ತ ಪಾಚಿ ಬೆಣ್ಣೆಯಂತೆ ಜಾರುತ್ತದೆ, ಹವಾಯಿ ಚಪ್ಪಲಿಯಲ್ಲಿದ್ದೆ, ಮೊಣಕೈ ಒಂದು ವಾರ ಮಡಚಲಾಗಲಿಲ್ಲ. ಈಗ ಗಮ್‌ಬೂಟು, ಕೈಗವಸು, ಕಣ್ಣಿಗೆ ಕನ್ನಡಕ. ನೀಲಿ ಲುಂಗಿಯ ಮೇಲೆ ಆ ವರ್ಷ ಬಿದ್ದ ಬ್ಲೀಚಿನ ಬಿಳಿ ಚುಕ್ಕೆಗಳು ಇನ್ನೂ ಇವೆ. ಅದನ್ನು ಈ ಕೆಲಸಕ್ಕೇ ಎತ್ತಿಟ್ಟಿದ್ದೇನೆ.

ಹೋದ ವರ್ಷ ನರಕ ಚತುರ್ದಶಿಗೆ ಎರಡು ದಿನ ಮುಂಚೆ ಎಲ್ಲ ಮುಗಿಸಿದ್ದೆ. ಬೆಳಗಿನ ಜಾವ ಓಣಿಯ ಹುಡುಗರು ನಮ್ಮ ಪಾಗಾರದ ಪಕ್ಕದಲ್ಲೇ ನರಕಾಸುರನ ಪ್ರತಿಕೃತಿಯನ್ನು ಸುಟ್ಟರು. ಬೆಳಕು ಹರಿಯುವಾಗ ರಸ್ತೆ ಬದಿಯ ಗೋಡೆಯ ಮೇಲೆ ಆಳುದ್ದದ ಮಸಿ. ಆಯಿ ಅದನ್ನು ನೋಡಿದರು, ನನ್ನನ್ನೂ ನೋಡಿದರು, ಮತ್ತೆ ಏನೂ ಹೇಳದೆ ಅವಲಕ್ಕಿ ಕಲಸಲು ಒಳಗೆ ಹೋದರು.