ಹೀಟರ್ ಇಲ್ಲದೆ ಹುಲ್ಲುಗಾವಲನ್ನು ಬಿಸಿ ಮಾಡಿದ ನನ್ನ ಅನುಭವ

ಹವಾಮಾನ ಬಿಸಿಯಾದರೆ ಹುಲ್ಲುಗಾವಲಿಗೆ ಏನಾಗುತ್ತದೆಂದು ತಿಳಿಯಲು, ಬೆಟ್ಟದ ಮೇಲಿನ ಹುಲ್ಲಿನ ಹೆಂಟೆಗಳನ್ನು ಬೇರು ಮಣ್ಣು ಸಮೇತ ಅಗೆದು ಕೆಳಗೆ ನೆಡುವುದನ್ನು ಪ್ರಯೋಗವೆಂದು ಒಪ್ಪಲು ಮೊದಲು ಯಾರೂ ಸಿದ್ಧರಿರಲಿಲ್ಲ. ‘ಇದು ತೋಟಗಾರಿಕೆ’ ಎಂದು ಅನುದಾನದ ಅರ್ಜಿಯ ಪರಿಶೀಲಕರೊಬ್ಬರು ಬರೆದರು. ನನಗೆ ಕಾಯಂ ಹುದ್ದೆ ತಂದುಕೊಟ್ಟದ್ದು ಆ ತೋಟಗಾರಿಕೆಯೇ.

ಇನ್‌ಫ್ರಾರೆಡ್ ಹೀಟರ್‌ಗಳ ಆಸೆ ನನಗೂ ಇತ್ತು. ಪರಿಸರ ವಿಜ್ಞಾನಿ ಜಾನ್ ಹಾರ್ಟ್ ಅಮೆರಿಕದ ಕೊಲೊರಾಡೊದ ಹುಲ್ಲುಗಾವಲಿನಲ್ಲಿ 1991ರಿಂದ ಅವನ್ನು ಉರಿಸಿದರು. ನನ್ನ ಲೆಕ್ಕದಲ್ಲಿ ಮೂರು ವರ್ಷದ ಅನುದಾನ ವಿದ್ಯುತ್ತಿಗೇ ಅರ್ಧದಾರಿಯಲ್ಲಿ ಮುಗಿಯುತ್ತಿತ್ತು. ಬಿಸಿಲಿನ ಕಾವನ್ನು ಹಿಡಿದಿಡಲು ತುಂಡ್ರಾದಲ್ಲಿ ಬಳಸುವ ಷಟ್ಕೋನದ ಪಾರದರ್ಶಕ ಗೂಡುಗಳನ್ನು ಕಟ್ಟಿದೆ. ಗಾಳಿ ಅರ್ಧದಷ್ಟನ್ನು ಕಿತ್ತೆಸೆಯಿತು.

ಉಳಿದದ್ದು ಬೆಟ್ಟವೇ: ಸಾವಿರ ಮೀಟರ್ ಇಳಿದರೆ ಸರಾಸರಿ ಆರೂವರೆ ಡಿಗ್ರಿ ಹೆಚ್ಚುತ್ತದೆ. ನಾನು ಹೆಂಟೆಗಳನ್ನು ನಾನೂರು ಮೀಟರಿನಷ್ಟು ಇಳಿಸಿದೆ. ತಾಪಮಾನವನ್ನು ತಾನೇ ದಾಖಲಿಸುವ ಲಾಗರ್ ತೋರಿಸಿದ್ದು ಎರಡೂವರೆ ಡಿಗ್ರಿಯ ಆಸುಪಾಸು. ಬಿಸಿ ಪುಕ್ಕಟೆ, ಖರ್ಚೆಲ್ಲ ಲಾಗರ್‌ಗಳಿಗೆ ಮತ್ತು ಹೊರುವ ಕೂಲಿಗೆ. ಮೊದಲ ವರ್ಷ ಅಂಚುಗಳು ಒಣಗಿ ಮೂರನೇ ಒಂದು ಭಾಗ ಸತ್ತುಹೋಯಿತು. ಈಗ ಅಂಚು ಒಣಗದಂತೆ ಒಂದು ಉಪಾಯ ಮಾಡುತ್ತೇನೆ, ಅದು ಮುಂದಿನ ಪ್ರಬಂಧಕ್ಕಿರಲಿ. ಅಗೆದು ಅಲ್ಲೇ ಮರಳಿ ನೆಟ್ಟ ಹೆಂಟೆಗಳು ಹೋಲಿಕೆಗೆ ಇರಲೇಬೇಕು. ಕೆಳಗೆ ಮಳೆಯೂ ಬೇರೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಒಂದು ಸಾಲಿಗೆ ನೀರು ಹೊತ್ತು ಹಾಕಿ ಉತ್ತರಿಸಿದೆ.

ಮೂರನೇ ವರ್ಷದವರೆಗೆ ಹೂವು ವಾರದಷ್ಟು ಬೇಗ ಬಂದದ್ದು ಬಿಟ್ಟರೆ ಬೇರೇನೂ ಇಲ್ಲ. ಐದನೆಯದರ ಹೊತ್ತಿಗೆ ಕೆಳಗಿನ ಹುಲ್ಲುಗಳು ಹೆಂಟೆಯೊಳಗೆ ನುಗ್ಗಿ ಮೇಲಿನವನ್ನು ಮೂಲೆಗೊತ್ತಿದವು. ಆಮೇಲೆ ಪರಿಶೀಲಕರು ಪ್ರಶ್ನೆಯ ಧಾಟಿ ಬದಲಿಸಿದರು. ಅಲ್ಲಿಯವರೆಗೆ ಪ್ರಯೋಗ ಉಳಿದದ್ದು ಹೇಗೆಂದರೆ, ಪ್ರತಿ ಅರ್ಜಿಯಲ್ಲೂ ಹೊಸ ಪ್ರಶ್ನೆ, ಅದೇ ಹಳೆಯ ಪ್ಲಾಟು. ಒಂದು ಅನುದಾನ ಲಾಗರ್ ಕೊಟ್ಟರೆ ಇನ್ನೊಂದು ವಿದ್ಯಾರ್ಥಿಯ ಸಂಬಳ ಕೊಟ್ಟಿತು. ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾ ಪರ್ವತದಲ್ಲಿ ಆರಂಭಿಸಿದ ಇಂಗಾಲದ ಡೈಆಕ್ಸೈಡಿನ ಅಳತೆಯೇ 1964ರಲ್ಲಿ ಹಣವಿಲ್ಲದೆ ಕೆಲವು ತಿಂಗಳು ನಿಂತಿತ್ತು, ನಮ್ಮದೇನು ಮಹಾ.

ನಡುವೆ ಮಣ್ಣಿನ ಕೊಳೆಯುವಿಕೆ ನೋಡಲು ಹಸಿರು ಚಹಾ ಮತ್ತು ರೂಯ್ಬಾಸ್ ಎಂಬ ಗಿಡಮೂಲಿಕೆ ಚಹಾದ ಪೊಟ್ಟಣಗಳನ್ನು ಹೂತೆ; ಎಷ್ಟು ತೂಕ ಕಳೆಯಿತೆಂಬುದೇ ಕೊಳೆತದ ಅಳತೆ. ತೊಂಬತ್ತು ದಿನ ಇಡಬೇಕು. ಯಾವುದೋ ಪ್ರಾಣಿ ಸಾಲನ್ನೇ ಅಗೆದುಹಾಕಿತ್ತು. ಉಳಿದವುಗಳಿಂದ ವಿದ್ಯಾರ್ಥಿಯೊಬ್ಬಳ ಒಂದು ಅಧ್ಯಾಯವಾಯಿತು.

ಈಗ ಕೆಳಗಿನ ಹೆಂಟೆಗಳನ್ನು ಮೇಲಕ್ಕೂ ಹೊತ್ತಿದ್ದೇನೆ. ಎರಡು ಚಳಿಗಾಲ ಕಳೆದರೂ ಸಾಯುತ್ತಿಲ್ಲ, ಹೂವನ್ನೂ ಬಿಡುತ್ತಿಲ್ಲ. ಅದಕ್ಕೆ ಹಣ ಕೊಡುವವರು ಇನ್ನೂ ಸಿಕ್ಕಿಲ್ಲ.